ಗಾಳಿಗೆದುರಾಗಿ ಏರುವ ಓಟ: ಹಾಯಿದೋಣಿಯಲ್ಲಿ ನನ್ನ ಅನುಭವ

ಹಾಯಿದೋಣಿ ನಡೆಸುವವರನ್ನು ನಿಮಗೆ ಯಾವ ಓಟ ಹೆಚ್ಚು ಪ್ರಿಯವೆಂದು ಕೇಳಿದರೆ, ಬಹುಪಾಲು ಮಂದಿ ಗಾಳಿ ಮಗ್ಗುಲಿನಿಂದ ಬೀಸುವ ಬೀಮ್ ರೀಚ್ ಎಂದೋ, ಮಗ್ಗುಲಿಗಿಂತ ಹಿಂದಿನಿಂದ ಓರೆಯಾಗಿ ಬೀಸುವ ಬ್ರಾಡ್ ರೀಚ್ ಎಂದೋ ಹೇಳುತ್ತಾರೆ. ಅವರ ಆಯ್ಕೆಗೆ ಗಟ್ಟಿಯಾದ ಕಾರಣಗಳಿವೆ. ಆದರೆ ನನ್ನ ಉತ್ತರ ಬೇರೆ. ಗಾಳಿ ಎಲ್ಲಿಂದ ಬರುತ್ತಿದೆಯೋ ಆ ಕಡೆಗೇ ಆದಷ್ಟು ಒತ್ತಿಕೊಂಡು, ಓರೆಯಾಗಿ ಮೇಲೇರುತ್ತಾ ಹೋಗುವ ಕ್ಲೋಸ್ ಹಾಲ್ಡ್ ಓಟವೇ ನನಗೆ ಎಲ್ಲಕ್ಕಿಂತ ಇಷ್ಟ. ಮೈ ನೆನೆಯುವ, ದೋಣಿ ಒಂದೇ ಬದಿಗೆ ವಾಲಿಕೊಂಡಿರುವ, ನೇರವಾಗಿ ತಲುಪಬಹುದಾದ ಜಾಗಕ್ಕೆ ಅಂಕುಡೊಂಕಾಗಿ ಹೋಗಬೇಕಾದ ಈ ಓಟವನ್ನು ಹಲವರು ತಪ್ಪಿಸಿಕೊಳ್ಳಲು ನೋಡುತ್ತಾರೆ. ನಾನು ಅದನ್ನು ಹೇಗೆ ಕಲಿತೆ, ಅದರಲ್ಲಿ ಸುಖ ಎಲ್ಲಿದೆ, ಉಳಿದ ಓಟಗಳು ಕೊಡುವುದು ಏನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 40ರಿಂದ 45 ಡಿಗ್ರಿಯವರೆಗಿನ ವಲಯದಲ್ಲಿ ಸಾಮಾನ್ಯ ಹಾಯಿದೋಣಿ ಮುಂದೆ ಸಾಗಲಾರದು. ಅಲ್ಲಿ ಹಾಯಿ ಪಟಪಟನೆ ಬಡಿದುಕೊಳ್ಳುತ್ತದೆ, ವೇಗ ಸತ್ತುಹೋಗುತ್ತದೆ. ಆ ವಲಯದ ಅಂಚನ್ನು ಹಿಡಿದು ಹೋಗುವುದೇ ಕ್ಲೋಸ್ ಹಾಲ್ಡ್. ಅಲ್ಲಿಂದ ಮೂತಿಯನ್ನು ಗಾಳಿಯಿಂದ ತುಸು ಆಚೆಗೆ ತಿರುಗಿಸಿ 60 ಡಿಗ್ರಿಗೆ ಬಂದರೆ ಕ್ಲೋಸ್ ರೀಚ್, 90 ಡಿಗ್ರಿಗೆ ಬೀಮ್ ರೀಚ್, 120ರಿಂದ 150ರವರೆಗೆ ಬ್ರಾಡ್ ರೀಚ್, ಗಾಳಿ ನೇರ ಬೆನ್ನಿಗೆ ಬಂದಾಗ ರನ್. ಕೋನ ಹಿಗ್ಗುತ್ತಾ ಹೋದಂತೆ ಹಾಯಿಯ ಹಗ್ಗವನ್ನು, ಅಂದರೆ ಶೀಟನ್ನು, ಸಡಿಲಿಸುತ್ತಾ ಹೋಗಬೇಕು. ಕ್ಲೋಸ್ ಹಾಲ್ಡ್‌ನಲ್ಲಿ ಬಿಗಿಯಾಗಿ ಎಳೆದಿದ್ದ ಬೂಮ್, ಅಂದರೆ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡಕಂಬ, ರನ್‌ಗೆ ಬರುವ ಹೊತ್ತಿಗೆ ದೋಣಿಗೆ ಹೆಚ್ಚುಕಡಿಮೆ ಅಡ್ಡಲಾಗಿ ಚಾಚಿಕೊಂಡಿರುತ್ತದೆ.

ಈ ಓಟಗಳ ಸ್ವಭಾವ ಒಂದಕ್ಕಿಂತ ಒಂದು ಇಷ್ಟು ಭಿನ್ನವಾಗಿರುವುದಕ್ಕೆ ಮುಖ್ಯ ಕಾರಣ ದೋಣಿಗೆ ತಾಕುವ ಗಾಳಿ. ಹಾಯಿಗೆ ಸಿಗುವುದು ನೀರಿನ ಮೇಲೆ ಬೀಸುತ್ತಿರುವ ನಿಜವಾದ ಗಾಳಿ ಮಾತ್ರವಲ್ಲ, ಅದಕ್ಕೆ ದೋಣಿ ತನ್ನ ಚಲನೆಯಿಂದಲೇ ಎಬ್ಬಿಸಿಕೊಳ್ಳುವ ಎದುರುಗಾಳಿಯೂ ಸೇರಿರುತ್ತದೆ. ನಿಜವಾದ ಗಾಳಿ 12 ನಾಟ್ ವೇಗದಲ್ಲಿದೆ ಎಂದುಕೊಳ್ಳೋಣ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). 45 ಡಿಗ್ರಿಯಲ್ಲಿ 5 ನಾಟ್ ವೇಗದಿಂದ ಏರುತ್ತಿರುವ ದೋಣಿಗೆ ತಾಕುವುದು ಸುಮಾರು 16 ನಾಟ್ ಗಾಳಿ, ಅದೂ ಮೂತಿಯಿಂದ ಬರೀ 32 ಡಿಗ್ರಿಯಷ್ಟು ಪಕ್ಕದಿಂದ. ಅದೇ ದೋಣಿ ಬೀಮ್ ರೀಚ್‌ನಲ್ಲಿ 6 ನಾಟ್‌ನಲ್ಲಿ ಓಡಿದರೆ ಸುಮಾರು 13 ನಾಟ್ ಗಾಳಿ, 63 ಡಿಗ್ರಿಯಿಂದ ಬರುತ್ತದೆ. ನೇರ ರನ್‌ನಲ್ಲಿ 5 ನಾಟ್‌ನಲ್ಲಿ ಓಡುವಾಗ ಬೆನ್ನಿಗೆ ತಾಕುವುದು 7 ನಾಟ್ ಮಾತ್ರ. ಹಾಯಿಯ ಮೇಲಿನ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 16 ನಾಟ್‌ಗೂ 7 ನಾಟ್‌ಗೂ ನಡುವಿನ ವ್ಯತ್ಯಾಸ ಎರಡು ಪಟ್ಟಿನದಲ್ಲ, ಐದು ಪಟ್ಟಿನದು. ಒಂದೇ ದಿನ, ಒಂದೇ ಗಾಳಿಯಲ್ಲಿ ದೋಣಿಯ ದಿಕ್ಕು ಬದಲಾದ ಮಾತ್ರಕ್ಕೆ ಬೇರೊಂದು ಋತುವಿಗೆ ಬಂದಂತೆ ಅನ್ನಿಸುವುದು ಇದರಿಂದಲೇ.

ಗಾಳಿಗೆದುರಿನ ಓಟಕ್ಕೆ ಕೆಟ್ಟ ಹೆಸರು ಬಂದಿರುವುದರಲ್ಲಿ ಹಳೆಯ ಹಡಗುಗಳ ಪಾಲು ದೊಡ್ಡದು. ಚೌಕ ಹಾಯಿಗಳನ್ನು ಅಡ್ಡಕ್ಕೆ ಕಟ್ಟಿದ ಹಡಗುಗಳು ಗಾಳಿಯ ದಿಕ್ಕಿಗೆ ಸುಮಾರು ಆರು ಪಾಯಿಂಟ್‌ಗಳಿಗಿಂತ, ಅಂದರೆ 67.5 ಡಿಗ್ರಿಗಿಂತ, ಹತ್ತಿರ ಹೋಗಲು ಕಷ್ಟಪಡುತ್ತಿದ್ದವು. 45 ಡಿಗ್ರಿಯಲ್ಲಿ ಏರುವ ಇಂದಿನ ದೋಣಿ ನೇರ ದೂರದ 1.4 ಪಟ್ಟು ಕ್ರಮಿಸಿದರೆ ಸಾಕು, 67.5 ಡಿಗ್ರಿಯ ಹಡಗು 2.6 ಪಟ್ಟು ಕ್ರಮಿಸಬೇಕು, ಅದರ ಜೊತೆಗೆ ಗಾಳಿ ಪಕ್ಕಕ್ಕೆ ತಳ್ಳಿದ ನಷ್ಟವನ್ನೂ ತುಂಬಿಕೊಳ್ಳಬೇಕು. 1869ರಲ್ಲಿ ನೀರಿಗಿಳಿದ ಕಟಿ ಸಾರ್ಕ್‌ನಂತಹ ಕ್ಲಿಪ್ಪರ್‌ಗಳು, ಅಂದರೆ ವೇಗದ ಸರಕು ಹಾಯಿಹಡಗುಗಳು, ಆಸ್ಟ್ರೇಲಿಯಾದಿಂದ ಉಣ್ಣೆ ಹೊತ್ತು ಇಂಗ್ಲೆಂಡಿಗೆ ಮರಳುವಾಗ ದಕ್ಷಿಣ ಸಾಗರದ ಬಲವಾದ ಪಡುವಣ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಕೇಪ್ ಹಾರ್ನ್ ಸುತ್ತಿ ಬರುತ್ತಿದ್ದುದು ಈ ಲೆಕ್ಕದಿಂದಲೇ. ಅಂಥ ಹಡಗಿನಲ್ಲಿ ದುಡಿದವರು ಎದುರುಗಾಳಿಯನ್ನು ಶಪಿಸಿದ್ದರೆ ಅದು ನ್ಯಾಯವೇ. ತ್ರಿಕೋನ ಹಾಯಿ ಮತ್ತು ತಳದಡಿಯಲ್ಲಿ ಆಳಕ್ಕಿಳಿದ ಕೀಲ್ ಎಂಬ ರೆಕ್ಕೆ ಇರುವ ದೋಣಿಯಲ್ಲಿ ಕುಳಿತು ಅದೇ ಶಾಪವನ್ನು ಮುಂದುವರಿಸಲು ಮಾತ್ರ ನನಗೆ ಕಾರಣ ಕಾಣಿಸುವುದಿಲ್ಲ.

ನಾನು ಕಲಿತದ್ದು ಸೆಂಟರ್‌ಬೋರ್ಡ್, ಅಂದರೆ ನೀರಿಗಿಳಿಸಿ ಎತ್ತಬಹುದಾದ ಹಲಗೆ, ಇರುವ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ. ಬಳಿಕ ನೀರಿನ ಮಟ್ಟದಲ್ಲಿ 7 ಮೀಟರ್‌ನಷ್ಟು ಉದ್ದವಿರುವ ಕೀಲ್ ದೋಣಿಗೆ ಬಂದೆ. ಡಿಂಗಿಯಲ್ಲಿ ಕಲಿತವರಿಗೆ ಒಂದು ದೊಡ್ಡ ಅನುಕೂಲವಿದೆ. ಹಗ್ಗವೂ, ಚುಕ್ಕಾಣಿ ತಿರುಗಿಸುವ ಹಿಡಿಕೆಯಾದ ಟಿಲ್ಲರೂ ಒಬ್ಬರ ಕೈಯಲ್ಲೇ ಇರುವುದರಿಂದ, ಗಾಳಿಯ ಪ್ರತಿಯೊಂದು ಬೀಸೂ ಎರಡೂ ಅಂಗೈಗಳಿಗೆ ಒಟ್ಟಿಗೇ ತಿಳಿಯುತ್ತದೆ. ಗಾಳಿಗೆದುರಾಗಿ ಹೋಗುವಾಗ ಸೆಂಟರ್‌ಬೋರ್ಡನ್ನು ಪೂರ್ತಿ ಇಳಿಸುತ್ತಿದ್ದೆ. ಬೀಮ್ ರೀಚ್‌ಗೆ ಅರ್ಧ ಎತ್ತುತ್ತಿದ್ದೆ. ರನ್‌ನಲ್ಲಿ ತುದಿಯಷ್ಟೇ ನೀರಿನಲ್ಲಿರುವಂತೆ ಬಿಡುತ್ತಿದ್ದೆ. ಗಾಳಿ ಹಾಯಿಯನ್ನು ಮುಖ್ಯವಾಗಿ ಪಕ್ಕಕ್ಕೆ ತಳ್ಳುತ್ತಿದೆ, ನೀರಿನೊಳಗಿನ ಈ ಹಲಗೆ ಆ ತಳ್ಳುವಿಕೆಯನ್ನು ತಡೆಯುತ್ತಿದೆ, ಉಳಿದ ಪಾಲು ಮಾತ್ರ ದೋಣಿಯನ್ನು ಮುಂದಕ್ಕೆ ಒಯ್ಯುತ್ತಿದೆ ಎಂಬ ಸಂಗತಿ ಹಲಗೆಯನ್ನು ಸ್ವಲ್ಪ ಎತ್ತಿ ನೋಡಿದ ಕ್ಷಣದಲ್ಲೇ ಮನದಟ್ಟಾಗುತ್ತದೆ: ದೋಣಿ ಏಡಿಯಂತೆ ಪಕ್ಕಕ್ಕೆ ಜಾರತೊಡಗುತ್ತದೆ.

ಗಾಳಿಗೆದುರಿನ ಓಟದಲ್ಲಿ ಹಾಯಿಯನ್ನು ಮೊದಲು ಬಿಗಿದು ಇಟ್ಟುಬಿಡುತ್ತೇನೆ. ಆಮೇಲೆ ದೋಣಿಯನ್ನು ಹಾಯಿಗೆ ತಕ್ಕಂತೆ ನಡೆಸುತ್ತೇನೆ. ಉಳಿದ ಓಟಗಳಲ್ಲಿ ಇದು ತಿರುವುಮುರುವು: ಅಲ್ಲಿ ದಿಕ್ಕನ್ನು ನಿಶ್ಚಯಿಸಿ ಹಾಯಿಯನ್ನು ಅದಕ್ಕೆ ಹೊಂದಿಸುತ್ತಾರೆ. ಈ ಒಂದು ಭೇದದಲ್ಲೇ ನನ್ನ ಪ್ರೀತಿಯ ಬಹುಪಾಲು ಇದೆ. ಎಲ್ಲಿಗೆ ಹೋಗಬೇಕೆಂಬುದನ್ನು ಗಳಿಗೆ ಗಳಿಗೆಗೂ ಗಾಳಿಯನ್ನೇ ಕೇಳಿ ಹೋಗಬೇಕು. ದಿಕ್ಸೂಚಿಯ ಮೇಲೋ ದೂರದ ಗುರುತಿನ ಮೇಲೋ ಕಣ್ಣು ನೆಟ್ಟು ಕೂತರೆ ದೋಣಿ ಆ ಗುರುತಿನ ಕಡೆಗೆ ಮುಖ ಮಾಡುತ್ತದೆಯೇ ಹೊರತು ಗಾಳಿಯ ಕಡೆಗೆ ಏರುವುದಿಲ್ಲ.

ಗಾಳಿಯನ್ನು ಕೇಳಲು ಜಿಬ್ ಎಂಬ ಮುಂಭಾಗದ ಹಾಯಿಯ ಮುಂದಿನ ಅಂಚಿನಿಂದ ತುಸು ಹಿಂದೆ, ಎರಡೂ ಮೈಗೆ ಅಂಟಿಸಿದ ಉಣ್ಣೆಯ ಎಳೆಗಳಿರುತ್ತವೆ. ನಾವು ಅವನ್ನು ಟೆಲ್‌ಟೇಲ್ ಎನ್ನುತ್ತೇವೆ. ಎರಡೂ ಎಳೆಗಳು ಹಿಂದಕ್ಕೆ ಮಟ್ಟಸವಾಗಿ ಹರಿಯುತ್ತಿದ್ದರೆ ಹಾಯಿಯ ಎರಡೂ ಮೈಯಲ್ಲಿ ಗಾಳಿ ಒಡೆಯದೆ ಜಾರುತ್ತಿದೆ ಎಂದರ್ಥ. ಗಾಳಿಯ ಕಡೆಯ ಎಳೆ ಮೇಲಕ್ಕೆದ್ದು ಕುಣಿದರೆ ಮೂತಿಯನ್ನು ಗಾಳಿಗೆ ಅತಿಯಾಗಿ ಒತ್ತಿದ್ದೇನೆ, ತುಸು ಇಳಿಯಬೇಕು, ಅಂದರೆ ಗಾಳಿಯಿಂದ ಆಚೆಗೆ ತಿರುಗಬೇಕು. ಆಚೆ ಬದಿಯ, ಹಾಯಿಯ ಬೆನ್ನಿನ ಎಳೆ ತೊಳಲಾಡಿದರೆ ಅತಿಯಾಗಿ ಇಳಿದಿದ್ದೇನೆ. ಹಾಯಿಯ ಬೆನ್ನಿನ ಮೇಲಿನ ಹರಿವು ಒಡೆದು ಎಳೆತ ಸೋರಿಹೋಗುತ್ತಿದೆ, ಮೂತಿಯನ್ನು ಮೇಲಕ್ಕೆ ತರಬೇಕು. ಗಾಳಿ ಚೆನ್ನಾಗಿರುವಾಗ ಗಾಳಿಯ ಕಡೆಯ ಎಳೆ ಆಗಾಗ ಒಮ್ಮೆ ತಲೆಯೆತ್ತುವಷ್ಟು ಮೇಲೆ ಹಿಡಿದು ಹೋಗುವುದು ನನ್ನ ಪದ್ಧತಿ. ಸರಿಯಾದ ಕೋನವೆಂಬುದು ಎರಡು ಮೂರು ಡಿಗ್ರಿಯಷ್ಟೇ ಅಗಲದ ಒಂದು ಓಣಿ. ಅದರೊಳಗೆ ಸೇರಿದೊಡನೆ ಟಿಲ್ಲರ್ ಹಗುರಾಗುತ್ತದೆ, ಮೂತಿಯಿಂದ ಸಿಡಿಯುವ ನೀರಿನ ಸದ್ದು ಒಂದೇ ಲಯಕ್ಕೆ ಬರುತ್ತದೆ, ವಾಲುವಿಕೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಈ ಮೂರನ್ನು ಒಮ್ಮೆಗೇ ಅನುಭವಿಸಿದವರಿಗೆ ಅದನ್ನು ಮತ್ತೆ ಹುಡುಕಬೇಕೆಂಬ ಆಸೆ ಬಿಡುವುದಿಲ್ಲ.

ಎಳೆಗಳನ್ನು ನೋಡದೆ ಆ ಓಣಿಯನ್ನು ಹಿಡಿಯಲು ಕಲಿಯಬೇಕೆಂದು ನಾನು ಒಂದು ಅಭ್ಯಾಸ ಮಾಡಿಕೊಂಡೆ. ತೆರೆದ ನೀರಿನಲ್ಲಿ, ಸುತ್ತ ಯಾವ ದೋಣಿಯೂ ಇಲ್ಲದಾಗ, ಕಾವಲಿಗೆ ಜೊತೆಗಾರರನ್ನು ಕೂರಿಸಿ, ಕಣ್ಣು ಮುಚ್ಚಿ ಟಿಲ್ಲರ್ ಹಿಡಿಯುತ್ತಿದ್ದೆ. ಮೊದಲಿಗೆ ದಿಕ್ಕೇ ತಪ್ಪಿದಂತೆ ಅನ್ನಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕೆನ್ನೆಯ ಮೇಲೆ ಗಾಳಿ ತಾಕುವ ಜಾಗ, ಕಿವಿಗಳಲ್ಲಿ ಅದರ ಗುಂಯ್‌ಗುಡುವಿಕೆಯ ಏರುಪೇರು, ಕೂತ ಜಾಗದಲ್ಲಿ ದೋಣಿಯ ವಾಲಿಕೆ, ಬೆರಳುಗಳಲ್ಲಿ ಟಿಲ್ಲರಿನ ಎಳೆತ ಬೇರೆಬೇರೆಯಾಗಿ ಕೇಳಿಸತೊಡಗುತ್ತವೆ. ದೋಣಿ ಇಳಿದರೆ ವಾಲಿಕೆ ಹೆಚ್ಚಿ ಟಿಲ್ಲರ್ ಭಾರವಾಗುತ್ತದೆ. ಅತಿಯಾಗಿ ಏರಿದರೆ ದೋಣಿ ನೆಟ್ಟಗಾಗಿ ಟಿಲ್ಲರ್ ಜೀವ ಕಳೆದುಕೊಂಡಂತೆ ಸಡಿಲವಾಗುತ್ತದೆ. ಕಣ್ಣು ತೆರೆದು ಎಳೆಗಳನ್ನು ನೋಡಿದಾಗ ಅವು ಮಟ್ಟಸವಾಗಿ ಹರಿಯುತ್ತಿದ್ದರೆ ಆಗುವ ಸಂತೋಷ ಬೇರೆ ಯಾವ ಓಟದಲ್ಲೂ ನನಗೆ ಸಿಕ್ಕಿಲ್ಲ. ಕತ್ತಲಲ್ಲಿ ದೋಣಿ ನಡೆಸುವಾಗ ಈ ಅಭ್ಯಾಸವೇ ಕೈ ಹಿಡಿಯುತ್ತದೆ.

ಟಿಲ್ಲರಿನ ಭಾರದ ಬಗ್ಗೆ ಇನ್ನೊಂದು ಮಾತು. ಚೆನ್ನಾಗಿ ಹೊಂದಿಸಿದ ದೋಣಿ, ಕೈ ಬಿಟ್ಟರೆ ತಾನಾಗಿ ಗಾಳಿಯ ಕಡೆಗೆ ಮೆಲ್ಲಗೆ ತಿರುಗುವಂತಿರಬೇಕು; ಇದನ್ನು ವೆದರ್ ಹೆಲ್ಮ್ ಎನ್ನುತ್ತಾರೆ. ಅದನ್ನು ತಡೆದು ನೇರವಾಗಿ ಹೋಗಲು ಚುಕ್ಕಾಣಿಯನ್ನು ಮೂರರಿಂದ ಐದು ಡಿಗ್ರಿ ತಿರುಗಿಸಿ ಹಿಡಿದರೆ ಸಾಕಾಗುವಂತಿದ್ದರೆ ಒಳ್ಳೆಯದು. ಆಗ ಚುಕ್ಕಾಣಿಯೂ ಕೀಲ್‌ನ ಜೊತೆ ಸೇರಿ ದೋಣಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಚುಕ್ಕಾಣಿ ನೀರಿಗೆ ಅಡ್ಡ ಹಿಡಿದ ಹಲಗೆಯಾಗಿ ವೇಗವನ್ನು ತಿನ್ನುತ್ತದೆ. ದೋಣಿ ಅತಿಯಾಗಿ ವಾಲಿದಾಗಲೆಲ್ಲ ಈ ಭಾರ ಏರುವುದರಿಂದ, ನನ್ನ ಕೀಲ್ ದೋಣಿಯಲ್ಲಿ ವಾಲಿಕೆ 20 ಡಿಗ್ರಿಯ ಆಸುಪಾಸಿಗೆ ಬಂದು ಅಲ್ಲೇ ನಿಲ್ಲತೊಡಗಿದರೆ ಮೊದಲು ಮುಖ್ಯ ಹಾಯಿಯ ಹಗ್ಗವನ್ನು ದೋಣಿಗೆ ಅಡ್ಡಲಾಗಿ ಸರಿಸುವ ಟ್ರಾವೆಲರನ್ನು ಇಳಿಸಿ ಮುಖ್ಯ ಹಾಯಿಯ ಒತ್ತಡ ತಗ್ಗಿಸುತ್ತೇನೆ. ಅಷ್ಟಕ್ಕೂ ಬಗ್ಗದಿದ್ದರೆ ರೀಫ್ ಹಾಕಿ ಹಾಯಿಯನ್ನು ಕಿರಿದು ಮಾಡುತ್ತೇನೆ. ಹಾಯಿ ಕಿರಿದಾದ ಮೇಲೆ ದೋಣಿ ನಿಧಾನವಾಗುತ್ತದೆಂದು ಹೆದರುವವರುಂಟು. ಗಾಳಿ ಸಾಕಷ್ಟಿದ್ದರೆ ಆಗುವುದು ಅದರ ಉಲ್ಟಾ: ದೋಣಿ ನೆಟ್ಟಗಾಗುತ್ತದೆ, ಚುಕ್ಕಾಣಿ ಹಗುರಾಗುತ್ತದೆ, ವೇಗ ಕಡಿಮೆಯಾಗುವುದಿಲ್ಲ, ದೋಣಿಯಲ್ಲಿದ್ದವರ ಮುಖದ ಬಿಗಿತವೂ ಸಡಿಲುತ್ತದೆ.

ಬಿರುಸಾದ ಬೀಸುಗಳನ್ನು ಎದುರಿಸುವ ರೀತಿಯೇ ಈ ಓಟದ ಅತ್ಯಂತ ಸವಿಯಾದ ಪಾಠ. ಬೀಸು ಬಡಿದ ಕ್ಷಣದಲ್ಲಿ ದೋಣಿಯ ವೇಗ ಇನ್ನೂ ಏರಿರುವುದಿಲ್ಲವಾದ್ದರಿಂದ ದೋಣಿಗೆ ತಾಕುವ ಗಾಳಿ ತುಸು ಹಿಂದಕ್ಕೆ ಸರಿಯುತ್ತದೆ. 12 ನಾಟ್ ಗಾಳಿ 16ಕ್ಕೆ ಏರಿದರೆ ಎರಡು ಮೂರು ಡಿಗ್ರಿ. ಅಷ್ಟನ್ನೂ ಬಳಸಿಕೊಂಡು ಮೂತಿಯನ್ನು ಮೇಲಕ್ಕೆ ತಂದರೆ ವಾಲಿಕೆಯೂ ತಗ್ಗುತ್ತದೆ, ಗುರಿಯತ್ತ ನಾಲ್ಕು ಹೆಜ್ಜೆ ಉಚಿತವಾಗಿ ಏರಿದಂತೆಯೂ ಆಗುತ್ತದೆ. ಗಾಳಿ 12ರಿಂದ 8ಕ್ಕೆ ಬಿದ್ದಾಗ ಆಗುವುದು ಇದರ ವಿರುದ್ಧ. ತಾಕುವ ಗಾಳಿ ನಾಲ್ಕು ಡಿಗ್ರಿಯಷ್ಟು ಮುಂದಕ್ಕೆ ಬಂದು ಹಾಯಿಯ ಅಂಚು ಅಲುಗುತ್ತದೆ. ಗಾಳಿಯ ದಿಕ್ಕೇ ತಿರುಗಿತೆಂದು ತೋರುತ್ತದೆ. ಆಗ ನಾನು ಅವಸರದಿಂದ ದೋಣಿಯನ್ನು ಇಳಿಸುವುದಿಲ್ಲ, ಟ್ಯಾಕನ್ನೂ, ಅಂದರೆ ಗಾಳಿಯನ್ನು ದಾಟಿ ಇನ್ನೊಂದು ಬದಿಗೆ ತಿರುಗುವುದನ್ನೂ, ಮಾಡುವುದಿಲ್ಲ. ಒಂದೆರಡು ಉಸಿರಿನಷ್ಟು ಕಾಯುತ್ತೇನೆ. ದೋಣಿಯ ವೇಗ ಇಳಿದು ಹೊಸ ಗಾಳಿಗೆ ಹೊಂದಿಕೊಂಡ ಮೇಲೂ ಕೋನ ಹಾಗೆಯೇ ಉಳಿದರೆ ಮಾತ್ರ ಅದು ದಿಕ್ಕಿನ ಬದಲಾವಣೆ. ಬೀಸು ಬರುವ ಮುನ್ನವೇ ನೀರಿನ ಮೇಲೆ ಕಪ್ಪಾದ ಸುಕ್ಕುಗಳಾಗಿ ಓಡಿ ಬರುವುದನ್ನು ಕಂಡು, ಅದು ತಾಕುವ ಹೊತ್ತಿಗೆ ಕೈಯನ್ನು ಅಣಿಗೊಳಿಸಿಕೊಂಡಿರುವುದು ಈ ಓಟದಲ್ಲಿ ಮಾತ್ರ ಸುಲಭ, ಏಕೆಂದರೆ ಗಾಳಿಯೂ ನೋಟವೂ ಒಂದೇ ದಿಕ್ಕಿನಲ್ಲಿರುತ್ತವೆ. ಬೆನ್ನ ಗಾಳಿಯಲ್ಲಿ ಹೋಗುವವರು ಅದಕ್ಕಾಗಿ ಮತ್ತೆ ಮತ್ತೆ ಹಿಂತಿರುಗಿ ನೋಡಬೇಕು.

ಅಲೆಗಳಿದ್ದಾಗ ಕೆಲಸ ಇನ್ನಷ್ಟು ನವಿರಾಗುತ್ತದೆ. ಅಲೆಯ ಮುಖವನ್ನು ಏರುವಾಗ ಮೂತಿಯನ್ನು ತುಸು ಗಾಳಿಗೆ ಎತ್ತಿ, ನೆತ್ತಿ ದಾಟುತ್ತಿದ್ದಂತೆ ಇಳಿಸಿದರೆ ದೋಣಿ ಅಲೆಯ ಬೆನ್ನ ಮೇಲಿಂದ ದೊಪ್ಪನೆ ಬೀಳದೆ ಜಾರಿಕೊಂಡು ಇಳಿಯುತ್ತದೆ. ಚಿಕ್ಕದಾದರೂ ಕಡಿದಾದ, ಒತ್ತೊತ್ತಾದ ಅಲೆಗಳಲ್ಲಿ ಪ್ರತಿಯೊಂದಕ್ಕೂ ಹೀಗೆ ತಿರುಗಿಸಲು ಸಮಯವಿರುವುದಿಲ್ಲ. ಅಲ್ಲಿ ಹಗ್ಗವನ್ನು ಬೆರಳಗಲ ಸಡಿಲಿಸಿ, ಕೋನವನ್ನು ನಾಲ್ಕೈದು ಡಿಗ್ರಿ ಬಿಟ್ಟುಕೊಟ್ಟು, ವೇಗದ ಬಲದಿಂದ ಅಲೆಗಳನ್ನು ಒಡೆದು ಹೋಗುವುದೇ ಲಾಭ. ಎತ್ತರಕ್ಕೆ ಒತ್ತಿ ನಿಧಾನವಾಗಿ ಹೋಗುವುದೋ, ತುಸು ಇಳಿದು ವೇಗವಾಗಿ ಹೋಗುವುದೋ ಎಂಬ ಈ ಚೌಕಾಸಿ ಗಾಳಿಗೆದುರಿನ ಓಟದ ಉದ್ದಕ್ಕೂ ನಡೆದೇ ಇರುತ್ತದೆ. 45 ಡಿಗ್ರಿಯಲ್ಲಿ 5 ನಾಟ್ ವೇಗವೆಂದರೆ ಗಾಳಿಯ ದಿಕ್ಕಿಗೆ ನಿಜವಾಗಿ ಏರುತ್ತಿರುವುದು ಗಂಟೆಗೆ 3.5 ನಾಟಿಕಲ್ ಮೈಲಿ. ಈ ಸಂಖ್ಯೆಯನ್ನು ಹಿಗ್ಗಿಸುವುದಷ್ಟೇ ಗುರಿ.

ಟ್ಯಾಕ್ ಮಾಡುವುದೆಂದರೆ ಮೂತಿಯನ್ನು ಗಾಳಿಯ ಮೂಲಕ ಸುಮಾರು 90 ಡಿಗ್ರಿ ತಿರುಗಿಸಿ ಇನ್ನೊಂದು ಬದಿಯ ಓಟಕ್ಕೆ ಹೋಗುವುದು. ಎರಡು ಅಲೆಗಳ ನಡುವಿನ ಸಮ ನೀರನ್ನು ಕಾದು, ಟಿಲ್ಲರನ್ನು ಜರ್ಕಿನಿಂದ ತಳ್ಳದೆ, ಆರಂಭದಲ್ಲಿ ನಿಧಾನವಾಗಿ ಮತ್ತು ನಡುವೆ ಬೇಗನೆ ತಿರುಗಿಸುತ್ತೇನೆ. ಹೊಸ ಬದಿಗೆ ಬಂದ ಕೂಡಲೇ ಒತ್ತುವುದಿಲ್ಲ. ತುಸು ಕೆಳಗೆ ಹಿಡಿದು ವೇಗ ಕೂಡಿದ ಮೇಲೆ ಹಗ್ಗ ಬಿಗಿದು ಏರುತ್ತೇನೆ. ಬೇರೆ ದೋಣಿಗಳ ಹಾದಿಯನ್ನು ಅಡ್ಡಡ್ಡವಾಗಿ ದಾಟುವುದು ಈ ಓಟದಲ್ಲೇ ಹೆಚ್ಚಾದ್ದರಿಂದ, 1972ರ ಅಂತರರಾಷ್ಟ್ರೀಯ ಡಿಕ್ಕಿತಡೆ ನಿಯಮಗಳ 12ನೆಯ ನಿಯಮ ನಾಲಿಗೆಯ ತುದಿಯಲ್ಲಿರಬೇಕು: ಗಾಳಿಯನ್ನು ಎಡಬದಿಯಿಂದ ಪಡೆಯುತ್ತಿರುವ ಹಾಯಿದೋಣಿ, ಬಲಬದಿಯಿಂದ ಪಡೆಯುತ್ತಿರುವ ಹಾಯಿದೋಣಿಗೆ ದಾರಿ ಬಿಡಬೇಕು, ಇಬ್ಬರಿಗೂ ಒಂದೇ ಬದಿಯ ಗಾಳಿಯಾದರೆ ಗಾಳಿಯ ಕಡೆಗಿರುವ ದೋಣಿ ಸರಿಯಬೇಕು.

ಬೀಮ್ ರೀಚನ್ನು ಮೆಚ್ಚುವವರ ಕಾರಣ ಸರಳ. ಹಾಯಿ ಅರ್ಧ ಹೊರಗೆ, ವಾಲಿಕೆ ಮಿತವಾಗಿ, ದಾರಿ ನೇರವಾಗಿ. ಹೋದ ದಾರಿಯಲ್ಲೇ ಅಷ್ಟೇ ಸಲೀಸಾಗಿ ಮರಳಬಹುದು. ಹಗ್ಗ ತುಸು ಹೆಚ್ಚು ಬಿಗಿದರೂ ತುಸು ಸಡಿಲಿದರೂ ದೋಣಿ ಕ್ಷಮಿಸುತ್ತದೆ. ಹೊಸಬರ ಕೈಗೆ ಟಿಲ್ಲರ್ ಕೊಡುವುದಾದರೆ ನಾನು ಕೊಡುವುದು ಇಲ್ಲಿಯೇ, ಹಾಯಿಯನ್ನು ಬಡಿದುಕೊಳ್ಳುವವರೆಗೆ ಬಿಟ್ಟು, ಬಡಿತ ನಿಲ್ಲುವಷ್ಟು ಮಾತ್ರ ಎಳೆಯುವ ಮೊದಲ ಪಾಠವನ್ನು ಹೇಳಿಕೊಡುವುದೂ ಇಲ್ಲಿಯೇ. ಅಲೆ ಮಗ್ಗುಲಿಗೆ ಬಡಿದು ದೋಣಿ ಉರುಳಾಡುವುದೊಂದು ಕಿರಿಕಿರಿ. ಸ್ಕಿಫ್ ಎಂಬ ಹಗುರವಾದ ವೇಗದ ದೋಣಿಗಳಲ್ಲಿ ಮಾತ್ರ ಈ ಕೋನ ಅಷ್ಟು ಮೃದುವಲ್ಲ: ಗಾಳಿಗೆದುರಿನ ಓಟದಲ್ಲಿ ಬೀಸು ಬಂದರೆ ಮೇಲಕ್ಕೆ ತಿರುಗಿ ತಪ್ಪಿಸಿಕೊಳ್ಳಬಹುದು, ಬ್ರಾಡ್ ರೀಚ್‌ನಲ್ಲಿ ಕೆಳಕ್ಕೆ ತಿರುಗಿ ತಪ್ಪಿಸಿಕೊಳ್ಳಬಹುದು, ಆದರೆ ಇವೆರಡರ ನಡುವೆ ಸಿಕ್ಕಿಕೊಂಡವರಿಗೆ ಎರಡೂ ಬಾಗಿಲುಗಳು ದೂರ.

ಬ್ರಾಡ್ ರೀಚ್‌ಗೆ ನನ್ನ ಮನಸ್ಸಿನಲ್ಲಿ ಎರಡನೆಯ ಸ್ಥಾನ, ಅದೂ ಮೊದಲನೆಯದಕ್ಕೆ ತೀರ ಹತ್ತಿರದಲ್ಲಿ. 12 ನಾಟ್ ಗಾಳಿಗೆ 135 ಡಿಗ್ರಿಯಲ್ಲಿ 6 ನಾಟ್‌ನಲ್ಲಿ ಓಡುವಾಗ ತಾಕುವ ಗಾಳಿ 9 ನಾಟ್‌ಗೆ ಇಳಿದು ಹೆಚ್ಚುಕಡಿಮೆ ಮಗ್ಗುಲಿನಿಂದಲೇ ಬರುತ್ತದೆ. ಮೈ ಬೆಚ್ಚಗಾಗುತ್ತದೆ, ನೀರಿನ ಎರಚಲು ನಿಲ್ಲುತ್ತದೆ, ದೋಣಿ ನೆಟ್ಟಗಾಗುತ್ತದೆ, ಆದರೂ ವೇಗ ಹೆಚ್ಚಿರುತ್ತದೆ. ನನ್ನದರಂತಹ ಭಾರದ ದೋಣಿ ತಾನೆಬ್ಬಿಸುವ ಅಲೆಯೊಳಗೇ ಸಿಕ್ಕಿಕೊಳ್ಳುವುದರಿಂದ 6.4 ನಾಟ್‌ನ ಆಸುಪಾಸಿನಲ್ಲಿ ಅದರ ಮಿತಿ. ಹಿಂದಿನಿಂದ ಬರುವ ಅಲೆ ಹಿಂಭಾಗವನ್ನು ಎತ್ತಿದಾಗ ಮೂತಿಯನ್ನು ತುಸು ಕೆಳಕ್ಕೆ ತಿರುಗಿಸಿ ಅದರ ಇಳಿಜಾರಿನಲ್ಲಿ ಬಿಟ್ಟರೆ ಆ ಮಿತಿಯನ್ನೂ ಮೀರಿ ದೋಣಿ ಕೆಲವು ಕ್ಷಣ ಹಾರುತ್ತದೆ. ವೇಗ ಏರಿದಂತೆ ತಾಕುವ ಗಾಳಿ ಮುಂದಕ್ಕೆ ಬರುವುದರಿಂದ ಆಗಲೇ ಹಗ್ಗವನ್ನು ಎಳೆದುಕೊಳ್ಳಬೇಕು, ಅಲೆ ಹಾದುಹೋದ ಮೇಲೆ ಬಿಡಬೇಕು. ಹಗುರ ಡಿಂಗಿಯಾದರೆ ನೀರಿನಿಂದ ಮೇಲೆದ್ದು ಪ್ಲೇನಿಂಗ್ ಆಗುತ್ತದೆ. ಟಿಲ್ಲರಿನಲ್ಲಿ ಸಣ್ಣ ಕಂಪನ ಶುರುವಾಗಿ, ನೀರಿನ ಸದ್ದು ಗಡುಸಾದ ಸಿಳ್ಳಿಗೆ ತಿರುಗಿ, ಹಿಂದಿನ ನೀರು ಚಪ್ಪಟೆಯಾಗುವ ಆ ಗಳಿಗೆಯನ್ನು ಮೆಚ್ಚದವರನ್ನು ನಾನು ಕಂಡಿಲ್ಲ. 2012ರ ನವೆಂಬರ್‌ನಲ್ಲಿ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಪಾಲ್ ಲಾರ್ಸೆನ್ ಅವರು ವೆಸ್ಟಾಸ್ ಸೇಲ್‌ರಾಕೆಟ್ 2 ಎಂಬ ವಿಶೇಷ ದೋಣಿಯಲ್ಲಿ 500 ಮೀಟರ್ ದೂರವನ್ನು ಸರಾಸರಿ 65.45 ನಾಟ್ ವೇಗದಲ್ಲಿ ಓಡಿಸಿ ದಾಖಲೆ ಮಾಡಿದ್ದೂ ಗಾಳಿಯನ್ನು ಮಗ್ಗುಲಿಗಿಂತ ಹಿಂದಿಟ್ಟುಕೊಂಡೇ. ಅದು ಆ ಹೊತ್ತಿನ ಗಾಳಿಯ ವೇಗದ ಎರಡು ಪಟ್ಟಿಗೂ ಹೆಚ್ಚು.

ದೂರ ಪ್ರಯಾಣಿಕರಿಗೆ ಈ ಕೋನ ಇಷ್ಟವಾಗುವುದಕ್ಕೆ ವೇಗಕ್ಕಿಂತ ನೆಮ್ಮದಿಯೇ ದೊಡ್ಡ ಕಾರಣ. ಒಬ್ಬರೇ ಹಾಯಿದೋಣಿಯಲ್ಲಿ ಮೊದಲ ಬಾರಿಗೆ ಲೋಕ ಸುತ್ತಿದ ಜೋಶುವಾ ಸ್ಲೋಕಮ್ 1897ರಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಥರ್ಸ್‌ಡೇ ಐಲ್ಯಾಂಡ್‌ನಿಂದ ಹಿಂದೂ ಮಹಾಸಾಗರದ ಕೀಲಿಂಗ್ ಕೋಕೋಸ್ ದ್ವೀಪಗಳವರೆಗಿನ ಸುಮಾರು 2,700 ಮೈಲಿಗಳನ್ನು ವಾಣಿಜ್ಯ ಮಾರುತದ ಆಸರೆಯಲ್ಲಿ 23 ದಿನಗಳಲ್ಲಿ ದಾಟಿದಾಗ, ಚುಕ್ಕಾಣಿಯ ಬಳಿ ಅವರು ಕಳೆದದ್ದು ಒಟ್ಟು ಮೂರು ಗಂಟೆಯಷ್ಟೇ. ಉದ್ದನೆಯ ಕೀಲ್ ಇದ್ದ ಅವರ ಸ್ಪ್ರೇ ದೋಣಿ, ಚುಕ್ಕಾಣಿಯನ್ನು ಕಟ್ಟಿಹಾಕಿದರೆ ತಾನೇ ದಾರಿ ಹಿಡಿದು ಹೋಗುತ್ತಿತ್ತು. ಓದಲು, ಅಡುಗೆ ಮಾಡಲು, ನಿದ್ರಿಸಲು ಬಿಡುವ ಓಟವೆಂದರೆ ಇದೇ.

ರನ್ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಮುಖ್ಯ ಹಾಯಿಯನ್ನು ಒಂದು ಕಡೆಗೂ ಜಿಬ್ಬನ್ನು ಇನ್ನೊಂದು ಕಡೆಗೂ ರೆಕ್ಕೆಗಳಂತೆ ಚಾಚಿ ಹೋಗುವಾಗ ನೋಟ ಚೆಂದ. ಗಾಳಿಯೇ ಇಲ್ಲವೆನ್ನುವಷ್ಟು ಶಾಂತಿ ಇರುತ್ತದೆ. ಆದರೆ ಹಾಯಿಯ ಮೇಲೆ ಗಾಳಿ ಜಾರುವುದಿಲ್ಲ, ಬರೀ ತಳ್ಳುತ್ತದೆ, ದೋಣಿ ತೊಟ್ಟಿಲಾಡುತ್ತದೆ, ಗಾಳಿ ಹತ್ತು ಡಿಗ್ರಿ ಆಚೆಗೆ ಸರಿದರೂ ಬೂಮ್ ತಲೆಯ ಮೇಲಿನಿಂದ ಬೀಸಿಕೊಂಡು ಆಚೆ ಬದಿಗೆ ಬಡಿಯಬಹುದು. ಇಂಥ ಅನಪೇಕ್ಷಿತ ಜೈಬ್ ಕೂವೆಮರವನ್ನೇ ಮುರಿಯಬಲ್ಲದು, ಜೀವವನ್ನೂ ತೆಗೆಯಬಲ್ಲದು. ಆದ್ದರಿಂದ ನೇರ ಬೆನ್ನ ಗಾಳಿಗೆ ಹೋಗಲೇಬೇಕಾದಾಗ ಬೂಮನ್ನು ಮುಂದಕ್ಕೆ ಕಟ್ಟಿ ಹಿಡಿಯುವ ಪ್ರಿವೆಂಟರ್ ಹಗ್ಗವಿಲ್ಲದೆ ನಾನು ಹೋಗುವುದಿಲ್ಲ. ಸಾಧ್ಯವಾದಾಗಲೆಲ್ಲ 150 ಡಿಗ್ರಿಗೆ ಬಂದು, ನಡುವೆ ಜೈಬ್ ಮಾಡಿ, ಎರಡು ಓರೆ ಗೆರೆಗಳಲ್ಲಿ ಇಳಿಯುತ್ತೇನೆ. ದಾರಿ ಶೇಕಡಾ 15ರಷ್ಟು ಉದ್ದವಾಗುತ್ತದೆ. ಆದರೆ ವೇಗ 5ರಿಂದ 6 ನಾಟ್‌ಗೆ ಏರಿದರೆ ಆ ನಷ್ಟ ತುಂಬಿ ಮೇಲೆ ಸ್ವಲ್ಪ ಉಳಿಯುತ್ತದೆ. ಉಳಿಯದಿದ್ದರೂ ನೆಮ್ಮದಿಗಾಗಿ ಅದನ್ನೇ ಆರಿಸಿಕೊಳ್ಳುವೆ.

ಇಂದಿನ ಫಾಯಿಲಿಂಗ್ ದೋಣಿಗಳನ್ನು ನೋಡುವಾಗ ನನ್ನ ಒಲವಿಗೆ ಇನ್ನೊಂದು ಆಧಾರ ಸಿಗುತ್ತದೆ. ನೀರಿನೊಳಗಿನ ರೆಕ್ಕೆಗಳ ಮೇಲೆ ಒಡಲನ್ನೇ ಎತ್ತಿಕೊಂಡು ಗಾಳಿಗಿಂತ ವೇಗವಾಗಿ ಓಡುವ ಅಮೆರಿಕಾಸ್ ಕಪ್ ಪಂದ್ಯದ ದೋಣಿಗಳಿಗೂ, ಹೆಪ್ಪುಗಟ್ಟಿದ ಸರೋವರದ ಮೇಲೆ ಓಡುವ ಹಿಮದೋಣಿಗಳಿಗೂ ಗಾಳಿಯ ದಿಕ್ಕಿಗೆ ಇಳಿಯುವಾಗಲೂ ತಾಕುವ ಗಾಳಿ ಮುಂದಿನಿಂದಲೇ ಬರುತ್ತದೆ. ಅವರ ಹಾಯಿ ಯಾವಾಗಲೂ ಬಿಗಿದೇ ಇರುತ್ತದೆ. ಬೆನ್ನ ಗಾಳಿಯ ಓಟವೆಂಬುದು ಅವರ ಪಾಲಿಗೆ ಹೆಸರಿಗಷ್ಟೇ. ವೇಗ ಹೆಚ್ಚಿದಷ್ಟೂ ಎಲ್ಲ ಓಟಗಳೂ ಗಾಳಿಗೆದುರಿನ ಓಟದ ಗುಣವನ್ನೇ ಪಡೆದುಕೊಳ್ಳುತ್ತವೆ, ಅಲ್ಲಿ ಕಲಿತ ಕೈ ಎಲ್ಲ ಕಡೆಯೂ ಕೆಲಸಕ್ಕೆ ಬರುತ್ತದೆ.

ದಿನದ ಓಟವನ್ನು ಯೋಜಿಸುವಾಗ ನಾನು ಮೊದಲು ಗಾಳಿಗೆದುರಾಗಿ ಏರಿ, ಮರಳುವಾಗ ಬ್ರಾಡ್ ರೀಚ್‌ಗೆ ಇಳಿಯುತ್ತೇನೆ. ಮೈಯಲ್ಲಿ ಕಸುವೂ ಮನಸ್ಸಿನಲ್ಲಿ ಚುರುಕೂ ಇರುವಾಗ ಶ್ರಮದ ಭಾಗ ಮುಗಿಯುತ್ತದೆ. ದಣಿದ ಹೊತ್ತಿಗೆ ದೋಣಿ ತಾನಾಗಿ ಮನೆಯ ದಿಕ್ಕಿಗೆ ಓಡುತ್ತದೆ. ಮೊದಲೇ ಬೆನ್ನ ಗಾಳಿಗೆ ಇಳಿದುಬಿಟ್ಟವರಿಗೆ 7 ನಾಟ್‌ನ ತಂಗಾಳಿಯಂತೆ ತೋರಿದ್ದು ಮರಳಲು ತಿರುಗಿದಾಗ 16 ನಾಟ್ ಆಗಿ ಮುಖಕ್ಕೆ ಬಡಿಯುತ್ತದೆ, ಆಗ ರೀಫ್ ಹಾಕುವುದು ಹೆಚ್ಚು ಕಷ್ಟ. ಮೇಲ್ತುದಿಯಲ್ಲಿ ತಿರುಗುವ ಮುನ್ನ ನಾನು ಹಿಂದೆ ನೋಡಿ ದಾರಿ ತೆರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ, ವ್ಯಾಂಗ್ ಹಗ್ಗವನ್ನು ಬಿಗಿದು ಬೂಮ್ ಮೇಲೇಳದಂತೆ ಮಾಡುತ್ತೇನೆ, ಜೊತೆಗಾರರಿಗೆ ತಲೆ ಬಗ್ಗಿಸಿರುವಂತೆ ಹೇಳುತ್ತೇನೆ. ಬಳಿಕ ಟಿಲ್ಲರನ್ನು ಎಳೆಯುವುದಕ್ಕಿಂತ ಒಂದು ಕ್ಷಣ ಮೊದಲೇ ಮುಖ್ಯ ಹಾಯಿಯ ಹಗ್ಗವನ್ನು ಬಿಡುತ್ತೇನೆ, ಏಕೆಂದರೆ ಬಿಗಿದ ಹಾಯಿ ಇರುವಷ್ಟು ಹೊತ್ತು ದೋಣಿ ಗಾಳಿಯಿಂದ ಆಚೆಗೆ ತಿರುಗಲು ಒಪ್ಪುವುದಿಲ್ಲ.